ಹದಿನಾಲ್ಕು ಮಾರು

ಸ್ಟ್ರಾಮ್ನೆಸ್ ಬಂದರಿನ ಕಚೇರಿಯವರು ರದ್ದಾದ ನಕ್ಷೆಗಳನ್ನು
ಸುರುಳಿ ಸುತ್ತಿ ನನ್ನ ಬಾಗಿಲಿಗೆ ಒರಗಿಸಿ ಹೋಗುತ್ತಾರೆ.
ಕಡಲೂ ಹಳತಾಗುತ್ತದಂತೆ. ಮರಳು ಸರಿಯುತ್ತದೆ,
ಆಳ ಬದಲಾಗುತ್ತದೆ, ಹೊಸ ಹಾಳೆ ಬರುತ್ತದೆ.
ಹಳೆಯ ಕಡಲು ನನಗೆ.

ಬೆಳಿಗ್ಗೆ ನಾನು ಅಂಚೆಯವಳು, ಮೆರನ್ ಲಿಂಕ್ಲೇಟರ್,
ಕೆಂಪು ಜಾಕೆಟ್ಟು, ಗಾಳಿ ಕಿತ್ತುಕೊಳ್ಳಲು ನೋಡುವ ಕರೆಂಟು ಬಿಲ್ಲುಗಳು.
ಮೂರೂವರೆಗೇ ಕತ್ತಲಾಗುವ ತಿಂಗಳುಗಳಲ್ಲಿ
ಅಡುಗೆಮನೆಯ ಮೇಜು ಒರೆಸಿ ಪೆಟ್ಟಿಗೆ ಮಡಿಸುತ್ತೇನೆ.

ಮೊದಲು ಕಾಗದದ ನಾರು ಯಾವ ಕಡೆ ಓಡಿದೆ ನೋಡಬೇಕು.
ಅಡ್ಡ ಮಡಿಸಿದರೆ ಮುನಿಸಿಕೊಂಡು ಬಿರಿಯುತ್ತದೆ,
ಅದರ ದಾರಿಗೇ ಹೋದರೆ ಮಾತು ಕೇಳುತ್ತದೆ.
ಎಲುಬಿನ ಪಟ್ಟಿಯಿಂದ ಗೀರು, ಆಮೇಲೆ ಮಡಿಕೆ,
ಆಮೇಲೆ ಗಂಜಿಯಂಥ ಅಂಟು, ಬೆರಳ ತುದಿಗೆ ಒಂದೇ ಬೊಟ್ಟು.
ಮುಚ್ಚಳ ತಳಕ್ಕಿಂತ ಎರಡು ಕೂದಲಷ್ಟು ದೊಡ್ಡದಿರಲಿ
ಎಂದು ಕಲಿಸಿದವಳು ಚಿಕ್ಕಮ್ಮ ರೋನಾ.
ಜಾಸ್ತಿ ಬಿಟ್ಟರೆ ಕಳಚಿ ಬೀಳುತ್ತೆ,
ಬಿಡದೇ ಇದ್ದರೆ ತೆಗೆಯುವಾಗ ಹರಿಯುತ್ತೆ.
ಅವಳಿಗೆ ಮೂರು ಮದುವೆ. ಅವಳಿಗೆ ಗೊತ್ತು.

ಉಡುಗೊರೆ ಪೆಟ್ಟಿಗೆಗಳು ಕ್ರಿಸ್ಮಸ್ಸಿಗೆ ಖಾಲಿಯಾಗುತ್ತವೆ:
ಸೋಪಿಗೆ, ಉಂಗುರಕ್ಕೆ,
ಮಗುವಿನ ಮೊದಲು ಬಿದ್ದ ಹಲ್ಲಿಗೆ ಬೆಂಕಿಪೊಟ್ಟಣದಷ್ಟು ಒಂದು.
ಕಾರ್ಡು ಇಡುವ ಗೂಡುಗಳನ್ನು ಮಾತ್ರ ಯಾರೂ ಮುಟ್ಟುವುದಿಲ್ಲ.
ಹನ್ನೆರಡು ಕಾರ್ಡು, ಹನ್ನೆರಡು ಲಕೋಟೆ, ಕಟ್ಟಲು ಒಂದು ದಾರ.
ಯಾರಿಗೆ ಬರೆಯಲಿ ಅನ್ನುತ್ತಾರೆ, ಅದೂ ನನ್ನನ್ನು,
ಯಾರ ಬಾಗಿಲಿಗೆ ಯಾರ ಕಾಗದ ಬರುವುದಿಲ್ಲ ಎಂಬ
ಲೆಕ್ಕ ಇಟ್ಟವಳನ್ನು.

ಹೋದ ಮಾರ್ಚಿನಲ್ಲಿ ಎರ್ಲೆಂಡ್ ಇಸ್ಬಿಸ್ಟರ್
ಒಂದು ಗೂಡು ಕೊಂಡ. ಚಿಲ್ಲರೆ ಎಣಿಸಿಟ್ಟ, ಮಾತಿಲ್ಲ.
ಸೋಮವಾರ ಅವನು ಡಬ್ಬಕ್ಕೆ ಹಾಕಿದ ಲಕೋಟೆ
(ಅಂಚಿನ ನೀಲಿ ಪಟ್ಟಿ ನಾನೇ ಅಂಟಿಸಿದ್ದು)
ಚೀಲ ಹತ್ತಿ, ಹಡಗು ಹತ್ತಿ, ಕಡಲು ದಾಟಿ
ಇನ್ವರ್ನೆಸ್ಸಿನ ಯಂತ್ರದ ಬಾಯಿಗೆ ಬಿದ್ದು
ಮತ್ತೆ ಅದೇ ಕಡಲು ದಾಟಿ
ಗುರುವಾರ ನನ್ನ ಕೈಗೇ ಬಂತು.
ವಿಳಾಸ: ಡೇವಿ ಫ್ಲೆಟ್.
ಎರ್ಲೆಂಡನ ಪಕ್ಕದ ಮನೆ.

ನಡುವೆ ಒಂದೇ ಗೋಡೆ. ಇವನ ಕೆಮ್ಮು ಅವನಿಗೆ ಕೇಳುತ್ತದೆ.
ಹತ್ತೊಂಬತ್ತು ವರ್ಷದ ಕೆಳಗೆ ಯಾರೋ ಯಾರದೋ
ಏಡಿಬುಟ್ಟಿ ಎತ್ತಿದರು, ಅಥವಾ ಎತ್ತಲಿಲ್ಲ.
ಅಂದಿನಿಂದ ಒಬ್ಬ ಬಾಗಿಲು ತೆರೆದರೆ ಇನ್ನೊಬ್ಬ ಹಾಕುತ್ತಾನೆ.

ನಾನು ಏನೂ ಕೇಳಲಿಲ್ಲ. ಅಂಚೆಯವರು ಕೇಳಬಾರದು.
ಕೈಯಲ್ಲೇ ತೂಗಿ ನೋಡಿದೆ, ಅಷ್ಟೆ. ಒಂದು ಕಾರ್ಡಿನ ಭಾರ.
ಏಪ್ರಿಲಿನಲ್ಲಿ ಎರಡು. ಮೇ ತಿಂಗಳಲ್ಲಿ ನಾಲ್ಕು.
ಆ ಕಡೆಯಿಂದ ಒಂದೂ ಇಲ್ಲ.
ಹನ್ನೊಂದನೆಯದನ್ನು ಬಾಗಿಲ ಸೀಳಿಗೆ ತೂರಿಸುವಾಗ
ನಾನು ಬಿಡುವ ಮೊದಲೇ
ಒಳಗಿನಿಂದ ಯಾರೋ ಎಳೆದುಕೊಂಡರು.

ಶನಿವಾರ ಡೇವಿ ಬಂದ. ಟೋಪಿ ತೆಗೆಯಲಿಲ್ಲ.
"ಅವನಿಗೆ ಕೊಟ್ಟೆಯಲ್ಲ, ಅಂಥದ್ದೇ ಒಂದು," ಅಂದ.
ಹೋಗಲು ತಿರುಗಿದವನು ನಿಂತ.
"ಅದಕ್ಕಿಂತ ಚೂರು ದೊಡ್ಡದಿರಲಿ."

ಎರಡು ಕೂದಲಷ್ಟು ದೊಡ್ಡದು ಮಾಡಿದೆ.
ಅದೇ ನಕ್ಷೆಯಲ್ಲಿ ಉಳಿದ ತುಂಡು. ಆಳವೆಲ್ಲ ಇನ್ನೂ ಮಾರಿನ ಲೆಕ್ಕದಲ್ಲಿ.
ಮೊದಲ ಸಲ ಕತ್ತರಿಸಿದಾಗ ಚಾಕು
ಹದಿನಾಲ್ಕು ಎಂಬ ಅಂಕಿಯ ನಡುವೆ ಹಾದಿತ್ತು:
ಒಂದು ಎರ್ಲೆಂಡನ ಮನೆಗೆ ಹೋಗಿದೆ,
ನಾಲ್ಕು ಈಗ ಡೇವಿಯ ಗೂಡಿನ ಅಂಚಿನಲ್ಲಿ.
ಏಡಿ ಹಿಡಿಯುವವರು, ಜೋಡಿಸಿಟ್ಟು ತೋರಿಸಿದರೆ
ಅದು ಯಾವ ಜಾಗ ಎಂದು ಥಟ್ಟನೆ ಹೇಳಿಯಾರು.
ನಾನು ತೋರಿಸುವುದಿಲ್ಲ.

ಅಂಟು ಒಣಗಲೆಂದು ಮೇಲೆ ಇಟ್ಟಿಗೆ ಹೇರಿದ್ದೇನೆ.
ಸೋಮವಾರ ಗಾಳಿ ಜೋರಂತೆ, ರೇಡಿಯೊ ಹೇಳಿತು.
ಹಡಗು ಬಿಡದಿದ್ದರೆ
ಗೋಡೆ ದಾಟಲು ಇನ್ನೂ ಒಂದು ದಿನ.